ಹೊಸ ಬಾವಿಯ ಹಳೆಯ ಆಮೆ

ಐವತ್ತರ ದಶಕದಲ್ಲಿ ಮುಂಬಯಿಯ ಕಾಂದಿವಲಿಯಲ್ಲಿ ಇನ್ನೂ ಗದ್ದೆಗಳಿದ್ದವು. ನಮ್ಮ ಚಾಳಿನ ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದ ಧಾರವಾಡದ ರಾಯರು, ಹೊಸ ಬಾವಿ ತೋಡಿಸಿದ ರೈತರಿಗೆ ಸರ್ಕಾರದ ಸಹಾಯಧನ ಮಂಜೂರು ಮಾಡುತ್ತಿದ್ದರು. ನಾನು ಯಾವ ಚಿಂತೆ ತೋಡಿಕೊಂಡರೂ ಕನ್ನಡಕ ಒರೆಸುತ್ತ "ನೋಡೋಣಂತ" ಅನ್ನುವರು. ಬಾವಿಗೆ ಬಗ್ಗಿ ನೋಡದೆ ಮಾತ್ರ ಸಹಿ ಹಾಕುತ್ತಿರಲಿಲ್ಲ.

ಒಮ್ಮೆ ನಮ್ಮ ಚಾಳಿನ ಬೆಳಗಾವಿ ಮಾಲೀಕರೇ ಹಳೆಯ ಬಾವಿಗೆ ಸುಣ್ಣ ಬಳಿಸಿ, ಹೊಸದೆಂದು ಅರ್ಜಿ ಹಾಕಿದರು. ರಾಯರು ಬಗ್ಗಿದರು. ಒಳಗೆ ಊಟದ ತಾಟಿನಷ್ಟು ಅಗಲದ ಆಮೆ ತೇಲುತ್ತಿತ್ತು.

"ಮಾಲಕ್ರ, ಬಾವಿಗಿಂತ ಆಮೀಗೇ ವಯಸ್ಸು ಜಾಸ್ತಿ ಆಗೇದಲ್ರೀ!" ಎಂದು ಪೆನ್ನು ಮುಚ್ಚಿದರು.

ಜೊತೆಗಿದ್ದ ನಾನು ದಾರಿಯುದ್ದಕ್ಕೂ ಕೇಳುತ್ತಲೇ ಬಂದೆ: "ನಿಮ್ಮ ಖೋಲಿ ಬಿಡಿಸಿದ್ರೆ?"

"ನೋಡೋಣಂತ."

ತಿಂಗಳೊಳಗೆ ಮಾಲೀಕರು ಬಿಡಿಸಿಯೇಬಿಟ್ಟರು. ಮುಂದೊಮ್ಮೆ ಸ್ಟೇಷನ್ನಿನಲ್ಲಿ ಸಿಕ್ಕಾಗ, ಸಂಸಾರ ಎಲ್ಲಿಟ್ಟಿದ್ದೀರೆಂದು ನಾನು ಗಾಬರಿಯಿಂದ ಕೇಳಿದರೆ, ಕನ್ನಡಕ ಒರೆಸಿಕೊಂಡು, "ಅದಿರ್ಲಿ, ಆಮಿ ಆರಾಮ ಅದ ಏನ್ರೀ?" ಎಂದರು.