ಗೋಡೆಗೆ ಹೇಳಿದ ಮಾತು

ಕಾಕಾರ ಬನಿಯನ್ನಿನ ಎದೆಯ ಮೇಲೆ ಯಾವಾಗಲೂ ಅಂಗೈಯಗಲದ ಸುಣ್ಣದ ಗುರುತು ಇರುತ್ತಿತ್ತು. ಯಾವಾಗಲೂ ಎಂದು ಬರೆದುಬಿಟ್ಟೆ. ನಾಲ್ಕೈದು ಸಲ ಕಂಡದ್ದನ್ನೇ ನೆನಪು ಎಲ್ಲ ದಿನಗಳಿಗೂ ಹಚ್ಚಿರಬಹುದು. ಬನಿಯನ್ನು ಬಿಳಿಯದಾಗಿದ್ದರೆ ಸುಣ್ಣ ಕಾಣುವುದಾದರೂ ಹೇಗೆ? ಗುರುತು ಬರಿ ಎದೆಯ ಮೇಲೆಯೇ ಇದ್ದಿರಬೇಕು. ಇಂಥ ಸಣ್ಣ ವಿಷಯಗಳಲ್ಲಿ ತಪ್ಪಿದರೆ ನನಗೆ ಚಿಂತೆಯಿಲ್ಲ. ಒಂದು ಸಂಗತಿಯಲ್ಲಿ ಮಾತ್ರ ತಪ್ಪುವಂತಿಲ್ಲ: ಅವರಿಗೆ ಎದೆನೋವಿದೆ ಎಂಬುದನ್ನು ನಾನು ಅವ್ವನಿಗೆ ಹೇಳಿದೆನೋ, ಇಲ್ಲವೋ.

ತೆಲುಗು ಸೀಮೆಯ ನಾಚಾರಂನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ನಾನು ಕಾಕಾ ಎನ್ನುತ್ತಿದ್ದೆ, ರಕ್ತಸಂಬಂಧವೇನೂ ಇರಲಿಲ್ಲ. ಅವರದು ಬೀದರ ಕಡೆಯ ಹಳ್ಳಿ, ಅಪ್ಪನದು ಗುಲ್ಬರ್ಗಾ. ಅಪ್ಪ ಸರ್ಕಾರಿ ಕಚೇರಿಗೆ ಹೋದರೆ ಅವರು ಹಿಂದಿನ ರಸ್ತೆಯ ಕಾರ್ಖಾನೆಯಲ್ಲಿ ದಿನವಿಡೀ ಲೇಥ್ ಯಂತ್ರದ ಮುಂದೆ ನಿಲ್ಲುತ್ತಿದ್ದರು. ಹೊರಗೆ ಎಲ್ಲರೊಡನೆ ತೆಲುಗು, ಹಿಂದಿ. ಎರಡು ಮನೆಗಳ ನಡುವಿನ ಮೋಟುಗೋಡೆಯ ಮೇಲೆ ಮಾತ್ರ ಕನ್ನಡ. ಹುಡುಗನಾಗಿದ್ದಾಗ ಊರಿನ ಗರಡಿಯಲ್ಲಿ ಸಾಮು ಮಾಡಿದವರು. ಕುಸ್ತಿ ಎಂದೋ ಬಿಟ್ಟಿದ್ದರೂ ಮುಂಜಾನೆ ಅಂಗಳದಲ್ಲಿ ಕಾಲಿಗೆ ಬಸ್ಕಿ, ಎದೆಗೆ ದಂಡ ಬಿಟ್ಟಿರಲಿಲ್ಲ.

"ನೀರಿನ ಕೊಡಾ ಎತ್ರಿ ಅಂದ್ರ ಸೊಂಟ ಹಿಡೀತೈತಿ. ದಂಡಕ್ಕ ಮಾತ್ರ ಎಲ್ಲಿಂದ ಬರ್ತೈತ್ರೀ ಜೀವ?" ಎಂದು ಅವರ ಹೆಂಡತಿ, ನಮ್ಮ ಕಾಕು, ಒಳಗಿನಿಂದಲೇ ಕೇಳುತ್ತಿದ್ದಳು. ಅವರು ನಕ್ಕು ಇನ್ನೆರಡು ಹೆಚ್ಚು ಹೊಡೆಯುತ್ತಿದ್ದರು.

ನನಗೆ ಹನ್ನೆರಡು ವರ್ಷವಿದ್ದಾಗ ಶಾಲೆಯ ಮೆಟ್ಟಿಲಿನಿಂದ ಬಿದ್ದು ಎಡಗಾಲು ಮುರಿಯಿತು. ಎರಡು ತಿಂಗಳ ಮೇಲೆ ಪ್ಲಾಸ್ಟರ್ ಬಿಚ್ಚಿದಾಗ ತೊಡೆ ಒಣಗಿ, ಬಲಗಾಲಿನ ಅರ್ಧದಷ್ಟಾಗಿತ್ತು. ಎಲುಬು ಕೂಡಿದೆ, ಇನ್ನು ನಡೆಯಬೇಕು ಎಂದರು ಡಾಕ್ಟರು. ನಾನು ಮೊಣಕಾಲು ಮಡಚಲು ಹೆದರಿ ವರಾಂಡದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

"ಏನ್ ವೈನಿ, ಮಗಳನ್ನ ಕುರ್ಚಿಗೆ ಕೊಟ್ಟು ಲಗ್ನಾ ಮಾಡೀರೇನು?" ಎಂದರು ಕಾಕಾ ಒಂದು ದಿನ, ಗೋಡೆಯಾಚೆಯಿಂದ.

"ಮಡಚಂದ್ರ ಅಳತಾಳ್ರೀ," ಎಂದಳು ಅವ್ವ. "ಹಿಂಗ ಕುಂಟಕೋತ ಉಳದ್ರ ಹೆಂಗ್ರೀ?"

"ನಾಳಿಂದ ನಮ್ಮ ಅಂಗಳಕ್ಕ ಕಳಸ್ರಿ. ಅತ್ತರ ಅಲ್ಲೇ ಅಳಲಿ. ಅತ್ತರೂ ದಮ್ಮು ಬೆಳೀತೈತಿ."

ಅತ್ತೆ. ಕಿಟಕಿಯ ಸರಳು ಹಿಡಿದು ಅರ್ಧ ಕೂರಬೇಕು, ಏಳಬೇಕು. ಮೊದಲ ವಾರ ಬರೀ ಐದು. ನಾನು ದೊಪ್ಪನೆ ಕುಸಿದರೆ ಅವರು ಎಣಿಸುತ್ತಲೇ ಇರಲಿಲ್ಲ. "ಬೀಳಬ್ಯಾಡ, ಇಳಿ. ಬೀಳಾಕ ಯಾರರ ಬೀಳತಾರ." ನನ್ನ ಮೊಣಕಾಲು ಒಳಕ್ಕೆ ವಾಲಿದರೆ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಹೊರಕ್ಕೆ ತಳ್ಳುವರು. ಎಣಿಕೆಯಲ್ಲಿ ಅವರಷ್ಟು ಮೋಸಗಾರರನ್ನು ನಾನು ಕಂಡಿಲ್ಲ. ಎಂಟು, ಒಂಬತ್ತು ಎಂದವರು ಮತ್ತೆ ಏಳು ಎನ್ನುತ್ತಿದ್ದರು.

"ಕಾಕಾ, ಮೋಸಾ!"

"ನಾ ಸಾಲಿ ಕಲ್ತಾಂವಲ್ಲವ್ವಾ, ತಪ್ಪತೈತಿ. ಹೂಂ, ಏಳು."

ಕಾಲು ಮುರಿದವಳಿಗೆ ಎದೆಯ ಸಾಮು ಯಾಕೆ ಎಂದು ಕೇಳಿದ್ದಕ್ಕೆ, "ಕುಂತ ಕುಂತ ಎದಿ ಗುಬ್ಬಿ ಗೂಡಾಗೈತಿ ನಿಂದು. ಬರೀ ಕಾಲು ಬೆಳದ್ರ ಅದನ್ನ ಹೊರಾವ್ರು ಯಾರು?" ಎಂದರು. ನೆಲದ ಮೇಲೆ ದಂಡ ಹೊಡೆಯುವ ಶಕ್ತಿ ನನಗಿರಲಿಲ್ಲ. ಅದಕ್ಕೇ ಗೋಡೆಯ ದಂಡ: ಎರಡು ಕೈ ಅವರ ಮನೆಯ ಸುಣ್ಣದ ಗೋಡೆಗೆ ಊರಿ, ಮೈ ನೆಟ್ಟಗಿಟ್ಟು, ಎದೆ ತಾಗುವವರೆಗೂ ಬಾಗಿ ಹಿಂದಕ್ಕೆ ಬರಬೇಕು. ತೋರಿಸಿಕೊಡುವಾಗ ಅವರು ಗೋಡೆಗೆ ಪೂರ್ತಿ ಒತ್ತುತ್ತಿದ್ದರು. ಆ ಸುಣ್ಣ ಅಲ್ಲಿಯದು. "ಗ್ವಾಡಿ ಕಿವ್ಯಾಗ ಒಂದು ಮಾತು ಹೇಳಿ ಹೊಳ್ಳಿ ಬಾ," ಎನ್ನುತ್ತಿದ್ದರು. ನಾನು ನಿಜವಾಗಿಯೂ ಹೇಳುತ್ತಿದ್ದೆ. ಲೆಕ್ಕದ ಟೀಚರು ಹೊಡೆದದ್ದು, ಅವ್ವ ನನ್ನ ಕಾಲು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು. ಆ ಗೋಡೆಗೆ ನನ್ನ ಬಗ್ಗೆ ಎಲ್ಲ ಗೊತ್ತಿತ್ತು.

ಚಳಿಗಾಲದ ಹೊತ್ತಿಗೆ ಕುಂಟು ಹೋಯಿತು. ಮುಂದೆ ವಿಶ್ವವಿದ್ಯಾಲಯದ ಲೈಬ್ರರಿಯ ಮೂರು ಮಹಡಿ ಹತ್ತುವಾಗ ಯಾವ ಕಾಲು ಮುರಿದಿತ್ತೆಂಬುದು ನನಗೂ ನೆನಪಾಗುತ್ತಿರಲಿಲ್ಲ.

ಕುಂಟು ಹೋದ ಮೇಲೂ ನಾನು ಅವರ ಅಂಗಳಕ್ಕೆ ಹೋಗುವುದನ್ನು ಬಿಡಲಿಲ್ಲ. ಆ ಚಳಿ ಕಳೆದು ಬಂದ ಬೇಸಿಗೆಯಲ್ಲಿ ಕಾರ್ಖಾನೆಯಲ್ಲಿ ಎರಡೆರಡು ಪಾಳಿ ದುಡಿದು ಅವರ ದಂಡ ಮೂರು ತಿಂಗಳು ತಪ್ಪಿತ್ತು. ಮತ್ತೆ ಶುರುಮಾಡಿದ ದಿನವೋ, ಮರುದಿನವೋ, ನಡುವೆಯೇ ನಿಲ್ಲಿಸಿ ಎದೆಗೆ ಕೈಯೊತ್ತಿಕೊಂಡು ನೆಲಕ್ಕೆ ಕೂತರು. ಹಣೆಯ ಮೇಲೆ ಬೆವರು. ಮುಖ ಬೂದಿಯ ಹಾಗೆ.

"ಕಾಕುನ್ನ ಕರೀಲೇನು?"

"ಬ್ಯಾಡ. ದಂಡಾ ಬಿಟ್ಟಿದ್ದಕ್ಕ ಎದಿ ಬಿಗದೈತಿ, ಅಷ್ಟ. ನಾಕ ದಿನಾ ಜಾಸ್ತಿ ಹೊಡದ್ರ ಸಡ್ಲಾಕ್ಕೈತಿ." ಉಸಿರು ಸಾಲದೆ ಸ್ವಲ್ಪ ತಡೆದು, "ಮನ್ಯಾಗ ಹೇಳಬ್ಯಾಡವ್ವಾ. ಆಕಿ ದಂಡಾ ಬಿಡಸ್ತಾಳ," ಎಂದರು.

ಅವರು ಸುಳ್ಳು ಹೇಳಲಿಲ್ಲ, ನಂಬಿದ್ದರು. ಗರಡಿಯಲ್ಲಿ ಅವರು ಕಲಿತದ್ದೇ ಅದು: ಸಾಮು ಬಿಟ್ಟವನ ಮೈ ಬಿಗಿಯುತ್ತದೆ, ಬಿಗಿದ ಮೈಗೆ ಸಾಮೇ ಮದ್ದು. ನನ್ನ ಒಣಗಿದ ತೊಡೆಯನ್ನು ಅವರು ಸರಿಮಾಡಿದ್ದೂ ಅದೇ ಮದ್ದಿನಿಂದ. ಅವರ ಮಾತನ್ನು ನಾನು ಹೇಗೆ ಅನುಮಾನಿಸಲಿ?

ನಾನು ಗೋಡೆಯ ಕಡೆ ತಿರುಗಿ ಕೈಯೂರಿ ಬಾಗಿದೆ. "ಕಾಕಾಗ ಎದಿ ನೋಯಾಕತ್ತೈತಿ," ಎಂದೆ. ಗೋಡೆಗೆ ಹೇಳಿದ್ದು ಖಂಡಿತ. ತುಟಿಗೆ ಹತ್ತಿದ ಸುಣ್ಣದ ರುಚಿಯೂ ನೆನಪಿದೆ.

ಹತ್ತೋ ಹದಿನೈದೋ ದಿನದ ಮೇಲೆ, ಕಾರ್ಖಾನೆಗೆ ಹೊರಡುವ ಮೊದಲು, ಅದೇ ಅಂಗಳದಲ್ಲಿ ದಂಡಕ್ಕೆ ಬಾಗಿದವರು ಏಳಲಿಲ್ಲ.

ಕಾಕುವಿನ ಪಕ್ಕದಲ್ಲಿ ಅವ್ವ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಕಾಕು ಅವ್ವನ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದಳು: "ನೋವೈತಿ ಅಂತ ಯಾರರ ಒಂದ ಮಾತು ಹೇಳಿದ್ರ ದವಾಖಾನಿಗೆ ಎಳಕೊಂಡ ಒಯ್ತಿದ್ನಲ್ಲ, ಅಕ್ಕಾ." ಆಗ ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು ಎಂದು ನನ್ನ ನೆನಪು. ನೋಡಿರಲಿಕ್ಕಿಲ್ಲ ಎಂದೂ ಎಷ್ಟೋ ಸಲ ಅನ್ನಿಸಿದೆ.

ನನ್ನ ಬಳಿ ಇನ್ನೊಂದು ಚಿತ್ರವಿದೆ. ಅವರು ಎದೆ ಹಿಡಿದು ಕೂತ ದಿನದ ಸಂಜೆ ನಾನು ಅಡುಗೆಮನೆಯಲ್ಲಿ ಅವ್ವನಿಗೆ ಹೇಳುತ್ತಿದ್ದೇನೆ. ಅವ್ವ ರೊಟ್ಟಿ ಬಡಿಯುತ್ತ, "ದುಡಿಯೂ ಮೈ, ನೋವು ಇರೂದ," ಎನ್ನುತ್ತಾಳೆ. ಬಹಳ ಸ್ಪಷ್ಟವಾದ ಚಿತ್ರ. ಎಷ್ಟು ಸ್ಪಷ್ಟವೆಂದರೆ ಗ್ಯಾಸ್ ಒಲೆಯ ನೀಲಿ ಉರಿಯೂ ಕಾಣುತ್ತದೆ. ನಮ್ಮ ಮನೆಗೆ ಗ್ಯಾಸ್ ಬಂದದ್ದು ಅದರ ಮುಂದಿನ ವರ್ಷ. ಹಾಗಾದರೆ ಉರಿಯೊಂದನ್ನೇ ಆಮೇಲೆ ಸೇರಿಸಿಕೊಂಡೆನೋ, ಇಡೀ ಸಂಜೆಯನ್ನೇ ಕಟ್ಟಿಕೊಂಡೆನೋ? ಹೇಳಿದ್ದರೆ ಸುಮ್ಮನಿದ್ದವಳು ಅವ್ವ, ಹೇಳದಿದ್ದರೆ ನಾನು. ಆ ವರ್ಷ ನಾನು ದಿನಚರಿ ಬರೆಯುತ್ತಿರಲಿಲ್ಲ. ಬರೆಯತೊಡಗಿದ್ದೇ ಅವರು ತೀರಿಕೊಂಡ ಮೇಲೆ.

ಈಗ ನಾನೂ ಅವ್ವನೂ ಅದೇ ಊರಿನ ಇನ್ನೊಂದು ತುದಿಯ ಲಿಂಗಂಪಲ್ಲಿಯಲ್ಲಿದ್ದೇವೆ. ಅವಳ ಮೊಣಕಾಲಿನ ಆಪರೇಷನ್ ಆಗಿ ಇದು ಮೂರನೆಯ ತಿಂಗಳು. ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆ ಹತ್ತು ಸಲ ಮಾಡಿಸಲು ಹೇಳಿದ್ದಾರೆ. ನಾನು ಎದುರಿಗೆ ನಿಂತು ಎಣಿಸುತ್ತೇನೆ. ಮೊನ್ನೆ ಅವಳು ದೊಪ್ಪನೆ ಕೂತಾಗ, "ಬೀಳಬ್ಯಾಡವ್ವಾ, ಇಳಿ," ಎಂದುಬಿಟ್ಟೆ. ಅವ್ವ ನನ್ನ ಮುಖ ನೋಡಿದಳು. ಅದು ಯಾರ ಮಾತೆಂದು ಇಬ್ಬರಿಗೂ ಗೊತ್ತು. ಅವಳು ಮತ್ತೊಮ್ಮೆ ಎದ್ದು ಕೆಳಗಿಳಿಯುತ್ತಿದ್ದಾಗ, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

"ಅವ್ವಾ, ಕಾಕಾಗ ಎದಿ ನೋವೈತಿ ಅಂತ ನಾ ನಿನಗ ಅವತ್ತ ಹೇಳಿದ್ನೇನು?"

ಅವಳು ಅರ್ಧಕ್ಕೇ ನಿಂತಳು. ಕುರ್ಚಿಯ ಕೈ ಹಿಡಿದಿದ್ದಳು. ಆಮೇಲೆ ನಿಧಾನವಾಗಿ, ಬೀಳದೆ, ಕೂತಳು.

"ಎಷ್ಟಾದವು?" ಎಂದಳು.

ನನಗೆ ಎಣಿಕೆ ತಪ್ಪಿತ್ತು. ಆರು ಎಂದೆ.

ಅದಾಗಿ ಹನ್ನೊಂದು ದಿನ. ದಿನವೂ ಹತ್ತು ಸಲ ಎದ್ದು ಕೂರುತ್ತಾಳೆ. ಕೇಳಿದ್ದಕ್ಕೆ ಇನ್ನೂ ಉತ್ತರ ಹೇಳಿಲ್ಲ.