ಒಂದೇ ಹೆಗಲಿನ ಚೀಲ

ಸುನಂದಾ, ನಿನ್ನ ಬೆನ್ನು ಡೊಂಕಾಗುತ್ತಿದೆ ಎಂದು ನಿನಗಿಂತ ಮೊದಲು, ನಿನ್ನ ಅಮ್ಮನಿಗಿಂತ ಮೊದಲು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ. ಆ ಸುಳ್ಳನ್ನು ನೀನು ಇಂದಿಗೂ ನಂಬಿಕೊಂಡಿದ್ದೀ — ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆಗ ನಿನಗೆ ಹನ್ನೆರಡು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ವಿಲಾಯತಿಯಲ್ಲಿ ಆಸ್ಟಿಯೋಪಥಿ ಕಲಿತು ಮಂಗಳೂರಿಗೆ ಬಂದ ಒಬ್ಬ ಡಾಕ್ಟರರ ಬಳಿ ನಾನು ಸಹಾಯಕಿಯಾಗಿದ್ದೆ. ಔಷಧಿಯಿಲ್ಲ, ಇಂಜೆಕ್ಷನ್ ಇಲ್ಲ. ಮೂಳೆ, ಸ್ನಾಯುಗಳನ್ನು ಕೈಯಿಂದಲೇ ಮುಟ್ಟಿ ನೋಡಿ ತಿದ್ದುವ ವಿದ್ಯೆ. ಜನ ಅವರನ್ನು "ಉಜ್ಜುವ ಡಾಕ್ಟರ್" ಎನ್ನುತ್ತಿದ್ದರು. ಅವರಿಗೆ ಸಿಟ್ಟು, ನನಗೆ ನಗು. ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡನ್ನು ಅವರು ಮಾಡಿನಿಂದ ಇಳಿಬಿಟ್ಟಿದ್ದರು. ಬಂದವರನ್ನು ಅದರ ಮುಂದೆ ನಿಲ್ಲಿಸಿ ಹಿಂದಿನಿಂದ ನೋಡುವುದು ನನ್ನ ಕೆಲಸ. ಮೊದಲು ತಲೆಬುರುಡೆಯ ಬುಡವನ್ನು ಅಂಗೈಗಳಲ್ಲಿ ಹಿಡಿದು ಅದು ಯಾವ ಕಡೆಗೆ ವಾಲಿದೆ ಎಂದು ತಿಳಿಯಬೇಕು. ಆಮೇಲೆ ಕಿವಿ, ಹೆಗಲು, ಸೊಂಟದ ಮಡಿಕೆ. ಕೊನೆಗೆ "ಬಗ್ಗಿ, ಕಾಲಿನ ಬೆರಳು ಮುಟ್ಟಿ" ಎನ್ನಬೇಕು. ಬೆನ್ನುಮೂಳೆ ತಿರುಚಿಕೊಂಡಿದ್ದರೆ ಬಗ್ಗಿದಾಗ ಒಂದು ಬದಿಯ ಪಕ್ಕೆಲುಬು ಮೇಲೆದ್ದು ಕಾಣುತ್ತದೆ.

"ಬೆಳೆಯುವ ಮಕ್ಕಳಲ್ಲಿ ಇದು ಕಂಡರೆ ನನ್ನ ಕೈಯಿಂದ ಆಗುವ ಕೆಲಸ ಅಲ್ಲ, ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸು" ಎಂದು ಡಾಕ್ಟರು ಹೇಳಿಯೇ ಇದ್ದರು. ಬೆಳೆಯುವ ವಯಸ್ಸಿನಲ್ಲೇ ಬೆನ್ನಿಗೆ ಕವಚ ತೊಡಿಸಿದರೆ ಡೊಂಕು ಹೆಚ್ಚದಂತೆ ತಡೆಯಬಹುದು; ಬೆಳವಣಿಗೆ ನಿಂತ ಮೇಲೆ ಕವಚದಿಂದ ಉಪಯೋಗವಿಲ್ಲ. ಇದೆಲ್ಲ ನನಗೆ ಬಾಯಿಪಾಠ.

ನಿನ್ನ ಅಕ್ಕ ಸರೋಜಳಿಗೂ ನನ್ನ ತಮ್ಮ ಜಗದೀಶನಿಗೂ ವಾಮಂಜೂರಿನ ನಿಮ್ಮ ಮನೆಯಲ್ಲಿ ನಿಶ್ಚಿತಾರ್ಥ. ಉರ್ವದ ನಮ್ಮ ಮನೆಯಿಂದ ಹೊರಡುವಾಗ ನನ್ನ ಅಮ್ಮ ಹೇಳಿದ್ದರು: "ಆ ಮನೆಯವರಿಗೆ ಎಂತಾದ್ರೂ ಊನ ಉಂಟಾ ನೋಡು. ನೀನು ದಿನಾ ಅದೇ ಕೆಲಸ ಮಾಡುದಲ್ವಾ." ಅಮ್ಮ ತಮಾಷೆಯ ಹೆಂಗಸಲ್ಲ. ಜಗದೀಶನಿಗೆ ಅದಕ್ಕೆ ಮೊದಲು ಗೊತ್ತಾಗಿದ್ದ ಸಂಬಂಧವನ್ನು, ಆ ಹುಡುಗಿಯ ಸೋದರಮಾವನಿಗೆ ಮೂರ್ಛೆರೋಗವಂತೆ ಎಂದು ಯಾರೋ ಹೇಳಿದ್ದಕ್ಕೇ ಮುರಿದಿದ್ದರು. ಆಮೇಲೆ ಅವನು ಮನೆಯಲ್ಲಿ ಮಾತನ್ನೇ ಬಿಟ್ಟಿದ್ದ. ಸರೋಜಳನ್ನು ನೋಡಿ ಬಂದ ಮೇಲೆ ಮತ್ತೆ ನಗತೊಡಗಿದ್ದ.

ವೀಳ್ಯ ಬದಲಾಯಿಸಿದ್ದಾಯಿತು. ಹಿರಿಯರ ಕಾಲು ಹಿಡಿಯಲು ಸರೋಜ ಬಂದಳು. ಅವಳ ಹಿಂದೆಯೇ ನೀನು — ಹಸಿರು ಲಂಗ, ಬಿಗಿ ರವಿಕೆ, ಎರಡು ಜಡೆ. ನೀನು ನನ್ನ ಮುಂದೆ ಬಗ್ಗಿದಾಗ ಜಡೆಗಳು ಆಚೀಚೆ ಜಾರಿ ಬಿದ್ದವು. ನಡುವೆ ನಿನ್ನ ಬೆನ್ನು, ಬಲಗಡೆ ಎತ್ತರ, ಎಡಗಡೆ ತಗ್ಗು.

ಕಾಲು ಹಿಡಿಯುವುದಕ್ಕೂ ನಮ್ಮ ಪರೀಕ್ಷೆಗೂ ಬಗ್ಗುವ ರೀತಿ ಒಂದೇ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಆಶೀರ್ವಾದಕ್ಕೆಂದು ತಲೆಯ ಮೇಲೆ ಕೈಯಿಟ್ಟೆ. ಅಭ್ಯಾಸಬಲ — ಬೆರಳುಗಳು ತಾವಾಗಿಯೇ ತಲೆಬುರುಡೆಯ ಬುಡಕ್ಕೆ ಇಳಿದವು. ಅದೂ ಒಂದು ಕಡೆಗೆ ವಾಲಿತ್ತು. "ಒಳ್ಳೆದಾಗ್ಲಿ ಮಗಾ" ಎಂದೆ.

ಊಟದ ಹೊತ್ತಿಗೆ ನಿನ್ನ ಅಮ್ಮ ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದರು. "ನೀವು ಬೆನ್ನಿನ ಡಾಕ್ಟ್ರ ಹತ್ರ ಇರುದಂತಲ್ಲ. ನಮ್ಮ ಸುನಂದನ ಒಂದು ಹೆಗಲು ಮೇಲೆ ಕಾಣ್ತದೆ ನಂಗೆ. ಎಂತಾದ್ರೂ ಉಂಟಾ?"

ಚಾವಡಿಯಿಂದ ನನ್ನ ಅಮ್ಮನ ಧ್ವನಿ ಕೇಳುತ್ತಿತ್ತು.

"ಎಂತ ಇಲ್ಲ. ಶಾಲೆ ಚೀಲ ಒಂದೇ ಹೆಗಲಿಗೆ ಹಾಕ್ತಾಳಲ್ಲ, ಅದಕ್ಕೆ. ಹೆಗಲು ಬದಲಿಸಿದ್ರೆ ಸರಿಯಾಗ್ತದೆ" ಎಂದೆ ನಾನು.

ನಿನ್ನ ಅಮ್ಮ ಉಸಿರು ಬಿಟ್ಟು ನನ್ನ ಕೈ ಹಿಡಿದುಕೊಂಡರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಹೇಳಿದ್ದು ಒಂದೇ.

ಮದುವೆಯಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಮದುವೆಯಾಯಿತು. ಈಗ ಹೇಳಿದರೆ ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ — ಅಷ್ಟರಲ್ಲಿ ಸರೋಜ ಬಸುರಿ, ಈಗ ಬೇಡ. ಆಮೇಲೆ ಬಾಣಂತಿ, ಈಗಲೂ ಬೇಡ. ನೆವಕ್ಕೇನು ಬರ. ನೀನು ಉರ್ವಕ್ಕೆ ಬಂದಾಗಲೆಲ್ಲ "ನೋಡಿ ಅಕ್ಕ, ಹೆಗಲು ಬದಲಿಸಿದ್ದೇನೆ" ಎಂದು ಚೀಲ ತೋರಿಸುತ್ತಿದ್ದೆ. ನಿನ್ನ ಅಮ್ಮ "ಇವಳು ದಾರಿಯಲ್ಲಿ ಮರೀತಾಳೆ, ಹೇಳಿದ್ದು ಕೇಳುದಿಲ್ಲ. ನೆಟ್ಟಗೆ ನಿಲ್ಲು" ಎಂದು ಗದರುತ್ತಿದ್ದರು. ನೀನು ನೆಟ್ಟಗೆ ನಿಲ್ಲಲು ನೋಡುತ್ತಿದ್ದೆ. ನಾನು ಚಹಾ ಕುಡಿಯುತ್ತಿದ್ದೆ.

ಕೊನೆಗೆ ಸರೋಜಳೇ ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಷ್ಟರಲ್ಲಿ ನಿನ್ನ ಬೆಳವಣಿಗೆ ಮುಗಿದಿತ್ತು. ಮೊದಲೇ ಬರಬೇಕಿತ್ತು ಎಂದರಂತೆ ಅಲ್ಲಿಯ ಡಾಕ್ಟರು. ಹೀಗೇಕಾಯಿತು ಎಂದು ನೀವು ಯಾರೂ ಅವರನ್ನು ಕೇಳಲಿಲ್ಲ. ಕಾರಣ ನಿಮಗೆ ಮೊದಲೇ ಗೊತ್ತಿತ್ತಲ್ಲ, ನಾನು ಹೇಳಿಯಾಗಿತ್ತು. ನಿನ್ನ ಅಮ್ಮ ನನ್ನ ಮುಂದೆ ಕೂತು ಅತ್ತರು. ನಾನು ಸಮಾಧಾನ ಮಾಡಿದೆ. ಹೌದು, ಅದನ್ನೂ ಮಾಡಿದೆ.

ಈಗ ನೀನು ಬಜಪೆಯಲ್ಲಿ ಟೀಚರ್. ಸೆರಗನ್ನು ಬಲಹೆಗಲಿನ ಮೇಲೂ ಹೊದ್ದುಕೊಳ್ಳುತ್ತೀ. ಮೆಟ್ಟಿಲು ಹತ್ತಿದರೆ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತೀ. ಹೆಣ್ಣು ನೋಡಲು ಬಂದು ಕಾಫಿ ಕುಡಿದು ಹೋದವರು ಮತ್ತೆ ಬರಲಿಲ್ಲ. ಯಾರ ಹೆದರಿಕೆಯಿಂದ ನಾನು ಸುಳ್ಳು ಹೇಳಿದೆನೋ ಆ ನನ್ನ ಅಮ್ಮ ತೀರಿಕೊಂಡು ವರ್ಷಗಳಾದವು. ಹಾಗಾದರೆ ಇಷ್ಟು ದಿನ ಯಾರ ಹೆದರಿಕೆ — ನನ್ನದೇ.

ಕಳೆದ ವಾರ ಸರೋಜಳ ಮಗಳಿಗೆ ನೀನು ಹೊಸ ಚೀಲ ತಂದೆ, ಎರಡು ಪಟ್ಟಿಯದ್ದು. ನೀನೇ ಅವಳ ಬೆನ್ನಿಗೆ ಹಾಕಿ ಪಟ್ಟಿ ಸರಿಮಾಡಿದೆ.

"ಎರಡೂ ಹೆಗಲಿಗೆ ಹಾಕ್ಬೇಕು, ಆಯ್ತಾ? ನಿನ್ನ ಅತ್ತೆ ನಂಗೆ ಸಣ್ಣದಿರುವಾಗ್ಲೇ ಹೇಳಿದ್ರು. ನಾನೇ ಸರಿಯಾಗಿ ಕೇಳ್ಲಿಲ್ಲ."

ಹಾಗೆಂದು ನೀನು ನನ್ನ ಕಡೆ ನೋಡಿ ನಕ್ಕೆ. ತಪ್ಪೊಪ್ಪಿಕೊಂಡ ಮಗುವಿನ ನಗು. ಹೊರಡುವಾಗ ಎಂದಿನಂತೆ ನನ್ನ ಕಾಲು ಹಿಡಿಯಲು ಬಗ್ಗಿದೆ, ಕಷ್ಟಪಟ್ಟು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ನಿನಗೆ ನೋವಾಗದಿರಲಿ ಎಂದು ಎಳೆದುಕೊಂಡೆ ಅಂತ ನೀನು ತಿಳಿದಿರಬೇಕು.

ಚೀಲದಿಂದ ಆದದ್ದಲ್ಲ, ಸುನಂದಾ. ನೀನು ಹೇಳಿದ್ದು ಕೇಳದೆ ಆದದ್ದೂ ಅಲ್ಲ. ನಾನು ಹೇಳಿದಷ್ಟನ್ನೂ ನೀನು ಕೇಳಿದೆ. ಹೇಳಬೇಕಾದದ್ದನ್ನು ನಾನು ಹೇಳಲಿಲ್ಲ.

ಈ ಭಾನುವಾರ ಬಜಪೆಯ ನಿನ್ನ ಮನೆಗೆ ಬರುತ್ತೇನೆ. ಬಾಗಿಲಲ್ಲಿ ನನಗೆ ಬಗ್ಗಬೇಡ. ಇದನ್ನೆಲ್ಲ ನಿನ್ನ ಮುಖ ನೋಡಿ ಬಾಯಲ್ಲಿ ಹೇಳಿ ಮುಗಿಸುವವರೆಗೆ ನಾನು ಹೊಸ್ತಿಲು ದಾಟುವುದಿಲ್ಲ. ಆಮೇಲೆ ಒಳಗೆ ಕರೆಯುವುದೋ, ಬಾಗಿಲು ಹಾಕುವುದೋ ನಿನಗೆ ಬಿಟ್ಟದ್ದು.