ಅಧ್ಯಕ್ಷೆಗೆ ಬಿದ್ದ ಮೊದಲ ಘೋಷಣೆ

ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಹೊರಟಿದ್ದ ಬಸ್ಸಿನಲ್ಲೇ ಇಂದ್ರಮ್ಮನಿಗೆ ಫೋನು ಬಂತು. ಕೊಳೆಗೇರಿ ಅಭಿವೃದ್ಧಿ ಸಮಿತಿಗೆ ಸರ್ಕಾರ ಚಿಕ್ಕಮಾದಮ್ಮನನ್ನು ಜಿಲ್ಲಾ ಅಧ್ಯಕ್ಷೆ ಮಾಡಿದೆಯಂತೆ, ಇವತ್ತೇ ಅಧಿಕಾರ ವಹಿಸಿಕೊಳ್ಳುತ್ತಾಳಂತೆ. ಇಂದ್ರಮ್ಮ ಎದ್ದು ನಿಂತು, "ಅಣ್ಣೋ, ನಿಲ್ಸು. ನಮ್ಮಕ್ಕ ಅಧ್ಯಕ್ಷೆ ಆಗವ್ಳೆ," ಅಂದಳು. ಯಾವ ಅಕ್ಕ ಎಂದು ಕಂಡಕ್ಟರು ಕೇಳುವಷ್ಟರಲ್ಲಿ ಅವಳು ರಸ್ತೆ ದಾಟಿ ಮಂಡ್ಯದ ಬಸ್ಸಿಗೆ ಕೈ ಅಡ್ಡ ಹಿಡಿದಾಗಿತ್ತು.

ಮಂಡ್ಯದ ರೈಲು ಹಳಿ ಪಕ್ಕದ ಅವರ ಕಾಲೋನಿಯಲ್ಲಿ ಚಿಕ್ಕಮಾದಮ್ಮನ ಮಾತೆಂದರೆ ಮಾತು. ಬಸರಾಳು ಕಡೆಯಿಂದ ಸೊಸೆಯಾಗಿ ಬಂದು ಗಾರೆ ಕೆಲಸದಲ್ಲಿ ಬಾಂಡಲಿ ಹೊತ್ತವಳು. ಗುಡಿಸಲು ಕೀಳಲು ಜೆಸಿಬಿ ಬಂದ ದಿನ ಮುದ್ದೆ ತಿರುವುವ ಹಿಟ್ಟಿನ ದೊಣ್ಣೆ ಹಿಡಿದು ಅದರ ಮುಂದೆಯೇ ಕೂತಳು. ಅಲ್ಲಿಂದ ಶುರುವಾದದ್ದು, ಬಡವರ ಧರಣಿಗಳಲ್ಲಿ ಕೂತು ಕೂತೇ ತಲೆ ನರೆಯಿತು. ಕರೆಂಟು, ರೇಷನ್ ಕಾರ್ಡು ಎಲ್ಲ ಅವಳು ಹಠ ಹಿಡಿದು ತಂದವೇ. ನಲ್ಲಿ ನೀರೊಂದು ಮಾತ್ರ ಇನ್ನೂ ಬಂದಿಲ್ಲ. ಧರಣಿಯಲ್ಲಿ ಘೋಷಣೆ ಕೂಗಿಸುವುದು ಇಂದ್ರಮ್ಮನ ಪಾಲು. ಊರಿನ ಕಚೇರಿ ಗೇಟುಗಳಿಗೆಲ್ಲ ಆ ಗಂಟಲಿನ ಪರಿಚಯವಿತ್ತು.

ಸಮಿತಿಯ ಕಚೇರಿ ಹತ್ತಿರವಾದಂತೆ ಖುಷಿಯೊಳಗೇ ಒಂದು ಕಸಿವಿಸಿ ಎದ್ದಿತು. ಗೂಟದ ಕಾರು ಹತ್ತಿದವರು ಮತ್ತೆ ಕಾಲೋನಿ ಕಡೆ ತಿರುಗಿ ನೋಡಿದ್ದನ್ನು ಇಂದ್ರಮ್ಮ ಕಂಡಿರಲಿಲ್ಲ. ಅಕ್ಕನೂ ಹಾಗೇ ಆಗಿಬಿಟ್ಟರೆ? ನೀರು ಹಾಳಾಗಲಿ, ಅಕ್ಕನೇ ಕೈತಪ್ಪಿ ಹೋದರೆ ಏನು ಗತಿ ಅಂತ ಅವಳಿಗೆ ನಿಜಕ್ಕೂ ಭಯವಾಯಿತು.

ಗೇಟಿನಲ್ಲಿ ಕಾಲೋನಿಯ ಹೆಂಗಸರೆಲ್ಲ ನೆರೆದಿದ್ದರು. ತಮಟೆ ಹುಚ್ಚೆದ್ದು ಬಡಿಯುತ್ತಿತ್ತು. ಅಷ್ಟರಲ್ಲಿ ಕೊರಳ ತುಂಬ ಹಾರ ಹಾಕಿಸಿಕೊಂಡು, ಅಧಿಕಾರಿಗಳ ನಡುವೆ ಚಿಕ್ಕಮಾದಮ್ಮ ಮೆಟ್ಟಿಲಿಗೆ ಬಂದಳು. "ಕೂಗಮ್ಮಿ," ಎಂದು ಯಾರೋ ಹಿಂದಿನಿಂದ ತಿವಿದರು. ಇಂದ್ರಮ್ಮನ ಎದೆ ಉಕ್ಕಿ ಬಂತು, ಕೈ ತಾನಾಗಿ ಮೇಲೆದ್ದಿತು.

"ಸಮಿತಿಯ ಅಧ್ಯಕ್ಷರಿಗೇ..."

"ಧಿಕ್ಕಾರ, ಧಿಕ್ಕಾರ!" ಎಂದಿತು ಕಾಲೋನಿ ಒಕ್ಕೊರಲಿನಿಂದ.

ಆ ಗೇಟಿನಲ್ಲಿ ನಿಂತು ಯಾರಿಗೂ ಜೈ ಅಂದು ಗೊತ್ತಿಲ್ಲದ ಬಾಯಿಗಳು, ಪಾಪ. ತಮಟೆ ನಿಂತಿತು. ಅಧಿಕಾರಿಗಳ ಮುಖ ಬಿಳುಚಿತು. ಮೆಟ್ಟಿಲ ಮೇಲೆ ನೋಡಿದರೆ ಚಿಕ್ಕಮಾದಮ್ಮನೂ ಮುಷ್ಟಿ ಎತ್ತಿ ನಿಂತಿದ್ದಾಳೆ. ಎಲ್ಲರಿಗಿಂತ ಜೋರಾಗಿ ಕೂಗಿದ್ದವಳು ಅವಳೇ.

ತನ್ನ ಮುಷ್ಟಿ ತಾನೇ ನೋಡಿಕೊಂಡು ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಬಾಗಿಲು ತೆರೆದು ಕಾಯುತ್ತಿದ್ದ ಕಾರು ಹತ್ತದೆ ನೇರ ಗೇಟಿಗೆ ಬಂದಳು.

"ತಪ್ಪಾಯ್ತಕ್ಕ," ಎಂದಳು ಇಂದ್ರಮ್ಮ. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು ಅವಳಿಗೆ.

"ತಪ್ಪೇನ್ ಬಂತಮ್ಮಿ, ಒಸಿ ಬೇಗ ಕೂಗ್ಬುಟ್ರಿ ಅಷ್ಟೇಯ. ನಲ್ಲಿ ಆಕ್ಸಕ್ಕೆ ನಂಗೂ ಒಸಿ ಟೇಮ್ ಕೊಡಿ. ಆಗ್ನಿಲ್ಲ ಅಂದ್ರೆ ಇಲ್ಲೇ ಬಂದು ಇದ್ನೇ ಕೂಗಿ. ನಾನೂ ಕೆಳಕ್ಕಿಳ್ದು ನಿಮ್ ಪಕ್ಕ ಕೂತ್ಕತೀನಿ."

ಬಸ್ಸಿನಿಂದ ಹೊತ್ತು ತಂದಿದ್ದ ಭಯ ಇಂದ್ರಮ್ಮನ ಎದೆಯಿಂದ ಇಳಿದೇ ಹೋಯಿತು. ಕಣ್ಣೊರೆಸಿಕೊಂಡು, ಈ ಸಲ ಸರಿಯಾಗಿ ಕೂಗಿಸಬೇಕೆಂದು ಮತ್ತೆ ಕೈ ಎತ್ತಿದಳು. ಚಿಕ್ಕಮಾದಮ್ಮ ಆ ಕೈ ಹಿಡಿದು ಮೆಲ್ಲಗೆ ಇಳಿಸಿದಳು.

"ಬ್ಯಾಡ ಬುಡಮ್ಮಿ. ಜೈ ಅನ್ನದು ನೀರು ಬಂದ್ಮೇಲೆ."